ಸಸ್ಯಾಹಾರದಲ್ಲಿ ಸಸಾರಜನಕ: ನಮ್ಮ ತಟ್ಟೆಯ ಲೆಕ್ಕ



ಕಳೆದ ಮಳೆಗಾಲದಲ್ಲಿ ಒಂದು ದಿನ ಮುಂಜಾನೆಯ ಪ್ರಾರ್ಥನೆ ನಡೆದಿರುವಾಗ ಎಂಟನೆಯ ಇಯತ್ತೆಯ ವಿದ್ಯಾರ್ಥಿನಿಯೊಬ್ಬಳು ನಿಂತಲ್ಲಿಯೇ ಕುಸಿದುಬಿದ್ದಳು. ಮುಖಕ್ಕೆ ನೀರು ಚಿಮುಕಿಸಿ, ಗಾಳಿ ಹಾಕಿ, ಎಚ್ಚರವಾದ ಮೇಲೆ ‘ಬೆಳಿಗ್ಗೆ ಏನು ತಿಂದೆ, ಮಗಳೇ?’ ಎಂದು ಕೇಳಿದೆವು. ‘ಚಹಾ, ಸರ್’ ಎಂದಳು. ‘ನಿನ್ನೆ ರಾತ್ರಿ?’ ‘ಅನ್ನ, ಉಪ್ಪಿನಕಾಯಿ’ ಎಂದಳು. ಆಕೆ ಉಪವಾಸ ಬೀಳುವ ಮನೆಯ ಹುಡುಗಿಯಲ್ಲ. ತಂದೆತಾಯಿಗಳಿಬ್ಬರೂ ದುಡಿಯುವವರು. ಎರಡು ಹೊತ್ತೂ ಮನೆಯಲ್ಲಿ ಒಲೆ ಉರಿಯುತ್ತದೆ. ಆದರೂ ವೈದ್ಯರು ರಕ್ತವನ್ನು ಪರೀಕ್ಷಿಸಿ, ಆಕೆಗೆ ರಕ್ತಹೀನತೆ ಇದೆಯೆಂದೂ ಆಹಾರದಲ್ಲಿ ಸತ್ವ ಸಾಲದೆಂದೂ ತಿಳಿಸಿದರು.

ಇದಕ್ಕೆ ಮುಂಚೆ ಹಲವು ವಾರಗಳಿಂದ ಆಕೆ ಮೂರನೆಯ ತಾಸಿನಲ್ಲಿ ತೂಕಡಿಸುತ್ತಿದ್ದಳು. ಆ ತಾಸು ನನ್ನದೇ. ಅದನ್ನು ಆಲಸ್ಯವೆಂದು ಬಗೆದು ನಾನು ಎರಡು ಬಾರಿ ಎಲ್ಲರೆದುರು ಗದರಿಸಿಯೂ ಇದ್ದೆ. ವೈದ್ಯರ ಮಾತು ಕೇಳಿದಂದು ನನಗಾದ ನಾಚಿಕೆಯೇ ಈ ಪಾಠಕ್ಕೆ ಕಾರಣವೆಂದರೆ ತಪ್ಪಾಗದು.

ಮರುದಿನ ಆಕೆಯ ತಾಯಿ ಶಾಲೆಗೆ ಬಂದರು. ಕಲಬುರಗಿ ಕಡೆಯವರು. ‘ಮುಂಜಾನೆ ಐದಕ್ಕ ಕೆಲಸಕ್ಕ ಹೋಗ್ತೀನ್ರಿ ಸರ. ರೊಟ್ಟಿ ಬಡ್ಯಾಕ ಯಾಳೆ ಸಿಗಂಗಿಲ್ರಿ. ನಾವು ಮಾಂಸ, ತತ್ತಿ ತಿನ್ನೋರಲ್ಲ. ಮತ್ತ ಏನು ಕೊಡ್ಲಿ ಹೇಳ್ರಿ?’ ಎಂದು ಕೇಳಿದರು. ಆ ಕ್ಷಣ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ಓದಿ, ವೈದ್ಯರನ್ನು ಕೇಳಿ, ಲೆಕ್ಕ ಹಾಕಿ ಕಂಡುಕೊಂಡ ಉತ್ತರವನ್ನು ಇಲ್ಲಿ ನಿಮ್ಮೆಲ್ಲರ ಮುಂದಿಡುತ್ತಿದ್ದೇನೆ. ಮಾಂಸ, ಮೀನು, ತತ್ತಿಗಳನ್ನು ಉಣ್ಣುವ ಮನೆಗಳೂ ನಮ್ಮ ಶಾಲೆಯಲ್ಲಿವೆ. ಅವರೊಡನೆ ನನಗೆ ವಾದವಿಲ್ಲ. ಸಸ್ಯಾಹಾರವನ್ನೇ ಅನುಸರಿಸುವ ಮನೆಯ ಮಕ್ಕಳು ಏನನ್ನು ಗಮನಿಸಬೇಕು ಎಂಬುದಷ್ಟೇ ಇಲ್ಲಿಯ ವಿಷಯ.

ಸಸಾರಜನಕವೆಂದರೇನು?

ನಮ್ಮ ಆಹಾರದಲ್ಲಿ ಪಿಷ್ಟ, ಮೇದಸ್ಸು, ಸಸಾರಜನಕ, ಖನಿಜ ಲವಣ, ಜೀವಸತ್ವ ಎಂಬ ಭಾಗಗಳಿವೆಯೆಂದು ನೀವು ವಿಜ್ಞಾನದ ತಾಸಿನಲ್ಲಿ ಓದಿದ್ದೀರಿ. ಇವುಗಳಲ್ಲಿ ಸಸಾರಜನಕವನ್ನೇ ಈಗ ಎಲ್ಲರೂ ಪ್ರೋಟೀನು ಎನ್ನುತ್ತಾರೆ. ಆ ಹೆಸರು ೧೮೩೮ರಲ್ಲಿ ಹಾಲೆಂಡಿನ ಮುಲ್ಡರ್ ಎಂಬ ರಸಾಯನಶಾಸ್ತ್ರಜ್ಞನ ಲೇಖನದ ಮೂಲಕ ಬಳಕೆಗೆ ಬಂದಿತು. ಅದನ್ನು ಸೂಚಿಸಿದವನು ಸ್ವೀಡನ್ನಿನ ಬರ್ಜೀಲಿಯಸ್. ಮೊದಲನೆಯದು, ಮುಖ್ಯವಾದುದು ಎಂಬ ಅರ್ಥದ ಗ್ರೀಕ್ ಪದದಿಂದ ಅದು ಹುಟ್ಟಿದೆ. ನಮ್ಮ ಕನ್ನಡದ ಪದವಾದರೋ ವಸ್ತುವಿನ ಗುಣವನ್ನೇ ಹೇಳುತ್ತದೆ: ಸಾರಜನಕವನ್ನು ಒಳಗೊಂಡುದು ಸಸಾರಜನಕ.

ಗಾಳಿಯಲ್ಲಿ ನೂರಕ್ಕೆ ಎಪ್ಪತ್ತೆಂಟು ಪಾಲು ಸಾರಜನಕವೇ ಇದೆ. ಆದರೆ ಉಸಿರಾಡಿದ ಮಾತ್ರಕ್ಕೆ ಅದು ನಮ್ಮ ಮೈಗೆ ಹತ್ತುವುದಿಲ್ಲ. ಗಿಡಗಳು ಮಣ್ಣಿನಿಂದ ಅದನ್ನು ಹೀರಿ ಸಸಾರಜನಕವನ್ನಾಗಿ ಮಾಡುತ್ತವೆ. ತೊಗರಿ, ಕಡಲೆ, ಹೆಸರು, ಹುರುಳಿ, ಶೇಂಗಾ ಮೊದಲಾದವುಗಳ ಬೇರಿನಲ್ಲಿ ಚಿಕ್ಕ ಗಂಟುಗಳಿರುತ್ತವೆ. ಅವುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನೇ ಹಿಡಿದು ಗಿಡಕ್ಕೆ ಒದಗಿಸುತ್ತವೆ. ಬೇಳೆಕಾಳುಗಳಲ್ಲಿ ಸಸಾರಜನಕವು ಹೇರಳವಾಗಿರುವುದಕ್ಕೆ ಇದೊಂದು ಮುಖ್ಯ ಕಾರಣ. ಊರಿಗೆ ಹೋದಾಗ ಒಂದು ಶೇಂಗಾ ಗಿಡವನ್ನು ಕಿತ್ತು ನೋಡಿರಿ, ಗಂಟುಗಳು ಕಣ್ಣಿಗೇ ಕಾಣುತ್ತವೆ.

ನಮ್ಮ ಸ್ನಾಯು, ಚರ್ಮ, ಕೂದಲು, ರಕ್ತದ ಕೆಂಪು ಬಣ್ಣದ ವಸ್ತು, ರೋಗದೊಡನೆ ಹೋರಾಡುವ ಕಣಗಳು ಇವೆಲ್ಲ ಸಸಾರಜನಕದಿಂದ ಆದವು. ಬೆಳೆಯುವ ವಯಸ್ಸಿನಲ್ಲಿ ಅದರ ಅವಶ್ಯಕತೆ ಹೆಚ್ಚು. ಎಷ್ಟು ಬೇಕೆಂಬುದನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ಲೆಕ್ಕ ಹಾಕಿ ಹೇಳಿದೆ. ಈ ಸಂಸ್ಥೆ ೧೯೧೮ರಲ್ಲಿ ನೀಲಗಿರಿಯ ಕುನ್ನೂರಿನಲ್ಲಿ ಮೆಕ್ಯಾರಿಸನ್ ಎಂಬ ವೈದ್ಯರ ಚಿಕ್ಕ ಪ್ರಯೋಗಶಾಲೆಯಾಗಿ ಆರಂಭವಾಗಿ, ೧೯೫೮ರಲ್ಲಿ ಹೈದರಾಬಾದಿಗೆ ಬಂದಿತು. ೨೦೨೦ರಲ್ಲಿ ಪ್ರಕಟವಾದ ಅದರ ಪಟ್ಟಿಯಂತೆ ದಿನವೊಂದಕ್ಕೆ ಬೇಕಾದ ಸಸಾರಜನಕ ಸುಮಾರಾಗಿ ಹೀಗಿದೆ:

೧೦ರಿಂದ ೧೨ ವರ್ಷ: ಹುಡುಗರಿಗೆ ೩೨ ಗ್ರಾಂ, ಹುಡುಗಿಯರಿಗೆ ೩೩ ಗ್ರಾಂ
೧೩ರಿಂದ ೧೫ ವರ್ಷ: ಹುಡುಗರಿಗೆ ೪೫ ಗ್ರಾಂ, ಹುಡುಗಿಯರಿಗೆ ೪೩ ಗ್ರಾಂ
೧೬ರಿಂದ ೧೮ ವರ್ಷ: ಹುಡುಗರಿಗೆ ೫೫ ಗ್ರಾಂ, ಹುಡುಗಿಯರಿಗೆ ೪೬ ಗ್ರಾಂ

‘ಕಮಲ’ದ ಲೆಕ್ಕ

ಹಾಗಾದರೆ ಅನ್ನವನ್ನೋ ರೊಟ್ಟಿಯನ್ನೋ ಹೆಚ್ಚಾಗಿ ತಿಂದರೆ ಸಾಲದೆ, ಬೇಳೆ ಏಕೆ ಬೇಕು ಎಂದು ನೀವು ಕೇಳಬಹುದು. ಇದಕ್ಕೆ ಉತ್ತರವನ್ನು ಒಂದು ಆಟದ ಮೂಲಕ ತಿಳಿಯೋಣ.

ಸಸಾರಜನಕವು ಅಮೈನೋ ಆಮ್ಲಗಳೆಂಬ ಚಿಕ್ಕ ತುಣುಕುಗಳ ಸರಪಳಿ. ಅಕ್ಷರಗಳನ್ನು ಜೋಡಿಸಿ ಪದವನ್ನು ಮಾಡುವಂತೆ ನಮ್ಮ ದೇಹವು ಸುಮಾರು ಇಪ್ಪತ್ತು ಬಗೆಯ ಅಮೈನೋ ಆಮ್ಲಗಳನ್ನು ಜೋಡಿಸಿ ತನಗೆ ಬೇಕಾದುದನ್ನು ಕಟ್ಟಿಕೊಳ್ಳುತ್ತದೆ. ಅವುಗಳಲ್ಲಿ ಒಂಬತ್ತನ್ನು ದೇಹವು ತಾನಾಗಿ ತಯಾರಿಸಲಾರದು, ಆಹಾರದಿಂದಲೇ ಪಡೆಯಬೇಕು.

ಈಗ ಎರಡು ಚೀಲಗಳಲ್ಲಿ ಅಕ್ಷರದ ಬಿಲ್ಲೆಗಳಿವೆಯೆಂದು ಭಾವಿಸಿರಿ. ನೀವು ‘ಕಮಲ’ ಎಂಬ ಪದವನ್ನು ಎಷ್ಟು ಸಾಧ್ಯವೋ ಅಷ್ಟು ಬಾರಿ ಜೋಡಿಸಬೇಕು. ಮೊದಲನೆಯ ಚೀಲದಲ್ಲಿ ‘ಕ’ ೧೦, ‘ಮ’ ೧೦, ಆದರೆ ‘ಲ’ ೫ ಮಾತ್ರ. ಎಷ್ಟು ಕಮಲಗಳಾದವು? ಐದೇ. ಉಳಿದ ‘ಕ’, ‘ಮ’ಗಳು ವ್ಯರ್ಥ. ಎರಡನೆಯ ಚೀಲದಲ್ಲಿ ‘ಕ’ ೧೦, ‘ಲ’ ೧೦, ಆದರೆ ‘ಮ’ ೫ ಮಾತ್ರ. ಅದರಲ್ಲಿಯೂ ಐದೇ ಕಮಲ. ಬೇರೆ ಬೇರೆಯಾಗಿ ಜೋಡಿಸಿದರೆ ಒಟ್ಟು ಹತ್ತು. ಈಗ ಎರಡು ಚೀಲಗಳನ್ನೂ ಒಟ್ಟಿಗೆ ಸುರಿಯಿರಿ. ‘ಕ’ ೨೦, ‘ಮ’ ೧೫, ‘ಲ’ ೧೫. ಕಮಲಗಳು ಹದಿನೈದು! ಹೊಸ ಬಿಲ್ಲೆ ಒಂದೂ ಸೇರಲಿಲ್ಲ. ಕೂಡಿಸಿದ್ದರಿಂದಲೇ ಐದು ಹೆಚ್ಚಿದವು.

ಇದರಲ್ಲಿ ಮೊದಲನೆಯ ಚೀಲವೇ ಜೋಳ, ಗೋಧಿ, ಅಕ್ಕಿ ಮೊದಲಾದ ಏಕದಳ ಧಾನ್ಯ. ಅದರಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಎರಡನೆಯ ಚೀಲವೇ ಬೇಳೆಕಾಳು. ಅದರಲ್ಲಿ ಲೈಸಿನ್ ಧಾರಾಳ, ಆದರೆ ಮೆಥಿಯೊನಿನ್ ಎಂಬುದು ಕಡಿಮೆ. ಲೈಸಿನ್ನಿನ ‘ಲ’, ಮೆಥಿಯೊನಿನ್ನಿನ ‘ಮ’ ಎಂದು ನೆನಪಿಡಿರಿ. ಆಟದ ಅಂಕಿಗಳು ತಿಳುವಳಿಕೆಗಾಗಿ ಮಾತ್ರ. ತತ್ವ ಮಾತ್ರ ನಿಜವಾದುದು. ಒಂದೇ ತುತ್ತಿನಲ್ಲಿ ಎರಡೂ ಇರಬೇಕೆಂಬ ನಿಯಮವೂ ಇಲ್ಲ. ಒಂದು ದಿನದ ಊಟಗಳಲ್ಲಿ ಎರಡೂ ಸೇರಿದ್ದರೆ ಸಾಕು.

ನಮ್ಮ ಹಿರಿಯರು ಅಮೈನೋ ಆಮ್ಲದ ಹೆಸರನ್ನು ಕೇಳಿದವರಲ್ಲ. ಆದರೂ ರೊಟ್ಟಿಯೊಡನೆ ಕಾಳುಪಲ್ಯ, ಅನ್ನದೊಡನೆ ತೊವ್ವೆ, ಮುದ್ದೆಯೊಡನೆ ಹುರುಳಿಯ ಸಾರು, ಹೋಳಿಗೆಯಲ್ಲಿ ಗೋಧಿಯ ಕಣಕದೊಳಗೆ ಕಡಲೆಯ ಹೂರಣ ಎಂದು ಕೂಡಿಸುತ್ತಲೇ ಬಂದರು. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ ಎಂಬ ತಿನಿಸಿನ ಹೆಸರು ಬರುತ್ತದೆ. ಇಂದಿನ ಇಡ್ಡಲಿಯಲ್ಲಿ ಉದ್ದು, ಅಕ್ಕಿ ಎರಡೂ ಸೇರಿ ಹುದುಗು ಬರುತ್ತವೆ. ಹೊಲದಲ್ಲಿಯೂ ಹಾಗೆಯೇ: ಸಜ್ಜೆಯ ಅಥವಾ ಮುಂಗಾರಿ ಜೋಳದ ನಡುವೆ ತೊಗರಿಯ ಅಕ್ಕಡಿ ಸಾಲು. ಹೊಲದಲ್ಲಿ ಪಕ್ಕದಲ್ಲಿ ನಿಂತವು ತಟ್ಟೆಯಲ್ಲಿಯೂ ಪಕ್ಕಕ್ಕೆ ಬರುತ್ತಿದ್ದವು. ಮುಂಬಯಿಗೆ ಬಂದ ಮೇಲೆ ನಾವು ಅಕ್ಕಿಯನ್ನು ಉಳಿಸಿಕೊಂಡು ಕಾಳನ್ನು ಕೈಬಿಟ್ಟೆವು. ಚೀಲ ಒಂದೇ ಉಳಿಯಿತು. ನಮ್ಮ ತೊಂದರೆಯ ಮೂಲ ಬಹುಮಟ್ಟಿಗೆ ಇಲ್ಲಿದೆ.

ಒಂದು ದಿನದ ತಟ್ಟೆ

ಈಗ ಹದಿಮೂರು ವರ್ಷದ ಹುಡುಗಿಯೊಬ್ಬಳ ಒಂದು ದಿನದ ಲೆಕ್ಕ ಹಾಕೋಣ. ಆಕೆಗೆ ಬೇಕಾದುದು ೪೩ ಗ್ರಾಂ. ಕೆಳಗಿನ ತೂಕಗಳೆಲ್ಲ ಬೇಯಿಸುವ ಮುಂಚಿನವು, ಅಂಕಿಗಳು ಸುಮಾರಿನವು.

ಜೋಳದ ಅಥವಾ ಗೋಧಿಯ ಹಿಟ್ಟು ೧೫೦ ಗ್ರಾಂ (ಸುಮಾರು ಮೂರು ರೊಟ್ಟಿ): ೧೫ ಗ್ರಾಂ
ಅಕ್ಕಿ ೭೫ ಗ್ರಾಂ: ೬ ಗ್ರಾಂ
ತೊಗರಿಬೇಳೆ ೩೦ ಗ್ರಾಂ: ೬ ಗ್ರಾಂ
ಹೆಸರು, ಮಡಕಿ, ಕಡಲೆ ಮೊದಲಾದ ಕಾಳು ೩೦ ಗ್ರಾಂ: ೬ ಗ್ರಾಂ
ಶೇಂಗಾ ಒಂದು ಹಿಡಿ, ೩೦ ಗ್ರಾಂ: ೭ ಗ್ರಾಂ
ಹಾಲು, ಮೊಸರು ಸೇರಿ ಒಂದು ದೊಡ್ಡ ಲೋಟ, ೨೦೦ ಮಿ.ಲೀ.: ೬ ಗ್ರಾಂ

ಒಟ್ಟು ೪೬ ಗ್ರಾಂ. ಕಾಯಿಪಲ್ಲೆಯ ಅಲ್ಪಸ್ವಲ್ಪ ಇದರ ಮೇಲೆ. ಮಾಂಸವಿಲ್ಲ, ತತ್ತಿಯಿಲ್ಲ, ಅಂಗಡಿಯ ಡಬ್ಬಿಯ ಪುಡಿಯೂ ಇಲ್ಲ, ಲೆಕ್ಕ ಸರಿಹೋಯಿತು. ಸೋಯಾ ಕಾಳನ್ನು ಬಳಸುವ ಮನೆಗಳಿಗೆ ಇನ್ನೂ ಸುಲಭ. ಅದರ ೧೦೦ ಗ್ರಾಂನಲ್ಲಿ ೩೫ ಗ್ರಾಂಗೂ ಮಿಕ್ಕಿ ಸಸಾರಜನಕವಿದೆ.

ಇನ್ನೊಂದು ತಟ್ಟೆಯನ್ನು ನೋಡಿರಿ. ಮುಂಜಾನೆ ಚಹಾ, ನಾಲ್ಕು ಬಿಸ್ಕೀಟು. ಬಿಸ್ಕೀಟಿನಿಂದ ಎರಡು ಗ್ರಾಂ ಕೂಡ ಸಿಗದು. ಮಧ್ಯಾಹ್ನ ಒಂದು ಪಾವು. ಸುಮಾರು ೩ ಗ್ರಾಂ. ರಾತ್ರಿ ಅನ್ನ, ತಿಳಿಸಾರು. ಹೊಟ್ಟೆ ತುಂಬಿತು, ಹಸಿವು ಅಡಗಿತು. ಆದರೆ ಹೊಟ್ಟೆ ತುಂಬುವುದೇ ಬೇರೆ, ಮೈ ತುಂಬುವುದೇ ಬೇರೆ.

ತಿಳಿಸಾರಿನ ವಿಷಯದಲ್ಲಿ ಒಂದು ಮಾತು. ‘ನಾವು ದಿನವೂ ಬೇಳೆ ಮಾಡುತ್ತೇವೆ’ ಎನ್ನುವ ಎಷ್ಟೋ ಮನೆಗಳಲ್ಲಿ ಒಂದು ಹಿಡಿ ಬೇಳೆಗೆ ಒಂದು ತಂಬಿಗೆ ನೀರಿರುತ್ತದೆ. ಸಸಾರಜನಕವಿರುವುದು ಬೇಳೆಯಲ್ಲಿ, ನೀರಿನಲ್ಲಿಯೂ ಒಗ್ಗರಣೆಯಲ್ಲಿಯೂ ಅಲ್ಲ. ಬಡಿಸುವಾಗ ಸೌಟನ್ನು ತಳದ ತನಕ ಮುಳುಗಿಸಬೇಕು. ಮನೆಯ ಹೆಣ್ಣುಮಕ್ಕಳು ಎಲ್ಲರ ಊಟವಾದ ಮೇಲೆ ಉಳಿದ ತಿಳಿಯನ್ನು ಉಣ್ಣುವ ರೂಢಿಯೂ ನಿಲ್ಲಬೇಕು.

ಹಸಿದ ಹೊಟ್ಟೆಯಲ್ಲಿ ಇರುವುದೂ ಸರಿಯಲ್ಲ. ಅನ್ನ, ರೊಟ್ಟಿಗಳಿಂದ ಸಾಕಷ್ಟು ಶಕ್ತಿ ದೊರೆಯದಿದ್ದರೆ ದೇಹವು ಸಸಾರಜನಕವನ್ನೇ ಉರುವಲಾಗಿ ಸುಡುತ್ತದೆ. ಮನೆ ಕಟ್ಟಲೆಂದು ತಂದ ಮರವನ್ನು ಒಲೆಗೆ ಹಾಕಿದಂತೆ ಅದು.

ಕಬ್ಬಿಣ, ಹುಳಿ ಮತ್ತು ಚಹಾ

ಸಸಾರಜನಕ ಸರಿಹೋದರೆ ಎಲ್ಲವೂ ಸರಿಹೋಗುವುದೇ? ಇಲ್ಲ. ನಮ್ಮ ವಿದ್ಯಾರ್ಥಿನಿಗೆ ಕಡಿಮೆಯಾದುದು ಮುಖ್ಯವಾಗಿ ಕಬ್ಬಿಣ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ೧೫ರಿಂದ ೧೯ ವರ್ಷದ ಹುಡುಗಿಯರಲ್ಲಿ ನೂರಕ್ಕೆ ೫೯ ಮಂದಿಗೂ ಹುಡುಗರಲ್ಲಿ ನೂರಕ್ಕೆ ೩೧ ಮಂದಿಗೂ ರಕ್ತಹೀನತೆಯಿದೆ. ಇದು ಒಬ್ಬಳ ಕಥೆಯಲ್ಲವೆಂಬುದು ಇದರಿಂದ ತಿಳಿಯುತ್ತದೆ. ೧೩ರಿಂದ ೧೫ ವರ್ಷದ ಹುಡುಗಿಗೆ ದಿನಕ್ಕೆ ೩೦ ಮಿಲಿಗ್ರಾಂ, ಹುಡುಗನಿಗೆ ೨೨ ಮಿಲಿಗ್ರಾಂ ಕಬ್ಬಿಣ ಬೇಕು. ಹುಡುಗಿಯರು ಪ್ರತಿ ತಿಂಗಳೂ ರಕ್ತದೊಡನೆ ಕಬ್ಬಿಣವನ್ನು ಕಳೆದುಕೊಳ್ಳುತ್ತಾರಾದ್ದರಿಂದ ಅವರಿಗೆ ಹೆಚ್ಚು. ಇದನ್ನು ಹೇಳಲು, ಕೇಳಲು ಸಂಕೋಚಪಡುವ ಕಾರಣವಿಲ್ಲ.

ಕಾಳು, ಸೊಪ್ಪು, ಸಜ್ಜೆ, ಎಳ್ಳುಗಳಲ್ಲಿ ಕಬ್ಬಿಣವುಂಟು. ಆದರೆ ಸಸ್ಯಗಳ ಕಬ್ಬಿಣವನ್ನು ಕರುಳು ಸುಲಭವಾಗಿ ಹೀರಿಕೊಳ್ಳದು. ಅದಕ್ಕೆ ಒಬ್ಬ ಮಿತ್ರನೂ ಒಬ್ಬ ಶತ್ರುವೂ ಇದ್ದಾರೆ. ಮಿತ್ರನೆಂದರೆ ‘ಸಿ’ ಜೀವಸತ್ವ. ಕಾಳಿನ ಪಲ್ಯದ ಮೇಲೆ ಅರ್ಧ ಲಿಂಬೆಹಣ್ಣನ್ನು ಹಿಂಡಿದರೆ, ಊಟದೊಡನೆ ನೆಲ್ಲಿಕಾಯಿಯನ್ನೋ ಪೇರಲ ಹಣ್ಣನ್ನೋ ತಿಂದರೆ, ಅದೇ ಕಾಳಿನಿಂದ ಹೆಚ್ಚು ಕಬ್ಬಿಣ ಮೈಗೆ ಹತ್ತುತ್ತದೆ. ಶತ್ರುವೆಂದರೆ ನಾವು ಊಟದೊಡನೆ ಕುಡಿಯುವ ಚಹಾ. ಅದರ ಒಗರು ಕಬ್ಬಿಣವನ್ನು ಹಿಡಿದು ಕರುಳಿಗೆ ಬಿಟ್ಟುಕೊಡದು. ಆದುದರಿಂದ ಊಟಕ್ಕೂ ಚಹಾಕ್ಕೂ ನಡುವೆ ಒಂದು ತಾಸಾದರೂ ಅಂತರವಿರತಕ್ಕದ್ದು.

ಕಾಳುಗಳಲ್ಲಿಯೇ ಇರುವ ಫೈಟಿಕ್ ಆಮ್ಲ ಎಂಬುದು ಕೂಡ ಕಬ್ಬಿಣವನ್ನು ತಡೆಯುತ್ತದೆ. ನೆನೆಸುವುದರಿಂದ, ಮೊಳಕೆ ಬರಿಸುವುದರಿಂದ, ಹುದುಗಿಸುವುದರಿಂದ ಅದು ಕಡಿಮೆಯಾಗುತ್ತದೆ. ಒಣಕಾಳಿನಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲವೆನ್ನಬಹುದಾದ ‘ಸಿ’ ಜೀವಸತ್ವವು ಮೊಳಕೆಯಲ್ಲಿ ಹೊಸದಾಗಿ ಹುಟ್ಟುತ್ತದೆ. ಮುಂಬಯಿಯ ಮರಾಠಿ ಮನೆಗಳ ಮಡಕಿಯ ಉಸಳು ಈ ಕಾರಣದಿಂದ ಒಳ್ಳೆಯ ಆಹಾರ. ನೆರೆಮನೆಯಿಂದ ನಾವು ಕಲಿಯತಕ್ಕ ಅಡಿಗೆ.

ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಮಾತ್ರೆಯಲ್ಲಿ ಇದೇ ಕಬ್ಬಿಣವೂ ಫೋಲಿಕ್ ಆಮ್ಲವೂ ಇವೆ. ಅದನ್ನು ಕಿಸೆಯಲ್ಲಿಟ್ಟುಕೊಂಡು ಹೋಗಿ ಕಿಟಕಿಯಿಂದ ಎಸೆಯುವವರುಂಟೆಂದು ನಾನು ಬಲ್ಲೆ. ಬರಿಹೊಟ್ಟೆಯಲ್ಲಿ ನುಂಗಿದರೆ ಓಕರಿಕೆ ಬರಬಹುದು. ಊಟವಾದ ಮೇಲೆ ನುಂಗಿರಿ.

ತಟ್ಟೆಯಲ್ಲಿ ಕಾಣದ ಕೊರತೆ

ಇಲ್ಲಿ ನನ್ನದೇ ಅನುಭವವನ್ನು ಹೇಳಬೇಕಾಗಿದೆ. ನಾನು ಊರು ಬಿಟ್ಟು ಈ ನಗರಕ್ಕೆ ಬಂದಾಗ ಮೂವರು ಊರವರೊಡನೆ ಒಂದೇ ಕೋಣೆಯಲ್ಲಿ ಇದ್ದೆ. ಅನ್ನ, ಬೇಳೆ, ಸೊಪ್ಪು ಇವಿಷ್ಟೇ ನಮ್ಮ ಅಡಿಗೆ. ಹಾಲು ಬರುತ್ತಿದ್ದುದು ಚಹಾಕ್ಕೆ ಬೇಕಾದಷ್ಟು ಮಾತ್ರ, ಮಜ್ಜಿಗೆಯನ್ನು ಮರೆತೇಬಿಟ್ಟಿದ್ದೆವು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ನನ್ನ ಅಂಗಾಲುಗಳಲ್ಲಿ ಜುಮುಜುಮು ಆರಂಭವಾಯಿತು. ಪಾಠ ಹೇಳುತ್ತಿರುವಾಗ ಮಕ್ಕಳ ಹೆಸರು ನೆನಪಿಗೆ ಬಾರದಾಯಿತು. ಬಹಳ ಹೊತ್ತು ನಿಂತು ಕಲಿಸುವುದರಿಂದ ಹೀಗಾಯಿತೆಂದು ತಿಳಿದು ಕಾಲಿಗೆ ಎಣ್ಣೆ ತಿಕ್ಕಿಕೊಂಡೆ. ಕೊನೆಗೆ ವೈದ್ಯರು ರಕ್ತವನ್ನು ಪರೀಕ್ಷಿಸಿ, ‘ಬಿ-೧೨’ ಜೀವಸತ್ವ ತೀರ ಇಳಿದಿದೆಯೆಂದು ಹೇಳಿ ಸೂಜಿಮದ್ದು ಕೊಟ್ಟರು. ಕೆಲವು ತಿಂಗಳಲ್ಲಿ ಗುಣವಾಯಿತು.

ಈ ಜೀವಸತ್ವ ನಮಗೆ ಬೇಕಾದುದು ಅತ್ಯಲ್ಪ. ಒಂದು ಗ್ರಾಂ ಅನ್ನು ಹತ್ತು ಲಕ್ಷ ಭಾಗ ಮಾಡಿದರೆ ದಿನಕ್ಕೆ ಅಂಥ ಎರಡು ಮೂರು ಭಾಗ. ಆದರೆ ಅದು ಧಾನ್ಯ, ಕಾಳು, ಸೊಪ್ಪು, ಹಣ್ಣು ಇವುಗಳಿಂದ ದೊರೆಯುವುದಿಲ್ಲ. ಮಾಂಸ, ತತ್ತಿಗಳನ್ನು ಉಣ್ಣದವರಿಗೆ ಹಾಲು, ಮೊಸರು, ಪನೀರುಗಳೇ ಆಧಾರ. ಪಿತ್ತಜನಕಾಂಗದಲ್ಲಿ ಅದರ ಸಂಗ್ರಹವಿರುವುದರಿಂದ ಕೊರತೆ ಕೂಡಲೇ ಗೊತ್ತಾಗುವುದಿಲ್ಲ. ವರ್ಷಗಳು ಕಳೆದ ಮೇಲೆ ಗೊತ್ತಾಗುತ್ತದೆ. ಅಷ್ಟರಲ್ಲಿ ನರಗಳಿಗೆ ಹಾನಿಯಾಗಿರಬಹುದು. ದಿನವೂ ಹಾಲು ಮೊಸರು ಸಿಗದ ಮನೆಯವರೂ, ಅವನ್ನು ಒಲ್ಲೆನೆನ್ನುವವರೂ ವೈದ್ಯರನ್ನು ಕೇಳಿ ಮಾತ್ರೆಯನ್ನು ತೆಗೆದುಕೊಳ್ಳುವುದೇ ಸರಿ. ಅದರಿಂದ ಸಸ್ಯಾಹಾರಕ್ಕೆ ಕುಂದಿಲ್ಲ; ಕೊರತೆಯನ್ನು ಅರಿತು ತುಂಬಿಕೊಳ್ಳುವುದೇ ಬುದ್ಧಿವಂತಿಕೆ.

ಎಲುಬಿಗೆ ಬೇಕಾದ ಸುಣ್ಣದ ಸತ್ವವನ್ನೂ ಮರೆಯಲಾಗದು. ೧೩ರಿಂದ ೧೫ ವರ್ಷದವರಿಗೆ ಅದು ದಿನಕ್ಕೆ ೧೦೦೦ ಮಿಲಿಗ್ರಾಂ ಬೇಕು. ಹಾಲಿನ ೧೦೦ ಮಿ.ಲೀ.ಯಲ್ಲಿ ಸುಮಾರು ೧೨೦ ಮಿಲಿಗ್ರಾಂ ಇದ್ದರೆ ರಾಗಿಯ ೧೦೦ ಗ್ರಾಂನಲ್ಲಿ ೩೫೦ರ ಸುಮಾರು ಇದೆ. ಇಲ್ಲಿಯ ಅಂಗಡಿಯಲ್ಲಿ ‘ನಾಚಣಿ’ ಎಂದು ಕೇಳಿದರೆ ಕೊಡುವುದು ನಮ್ಮ ರಾಗಿಯನ್ನೇ. ಎಳ್ಳಿನ ಚಟ್ನಿಯೂ ಒಳ್ಳೆಯದು. ಈ ಸತ್ವವನ್ನು ಮೈಗೆ ಹತ್ತಿಸುವ ‘ಡಿ’ ಜೀವಸತ್ವವು ಬಿಸಿಲಿನಿಂದ ಚರ್ಮದಲ್ಲಿ ಹುಟ್ಟುತ್ತದೆ. ಬಿಸಿಲು ಹೊಗದ ಚಾಳಿನ ಕೋಣೆಯಲ್ಲಿ ಕುಳಿತು ಮೊಬೈಲು ನೋಡುವುದಕ್ಕಿಂತ ಬಯಲಿನಲ್ಲಿ ಆಡುವುದು ಈ ದೃಷ್ಟಿಯಿಂದಲೂ ಮೇಲು.

ತಾಯಿಗೆ ಕೊಟ್ಟ ಉತ್ತರ

ಐದು ಗಂಟೆಗೆ ಕೆಲಸಕ್ಕೆ ಹೋಗುವ ಆ ತಾಯಿಗೆ ಒಂದು ವಾರದ ಮೇಲೆ ನಾನು ಹೇಳಿದುದಿಷ್ಟು: ‘ಮುಂಜಾನೆ ರೊಟ್ಟಿ ಬಡಿಯಬೇಕಾಗಿಲ್ಲ, ಅಕ್ಕಾ. ರಾತ್ರಿ ಎರಡು ಹಿಡಿ ಹೆಸರು ಅಥವಾ ಮಡಕಿಯನ್ನು ನೀರಿಗೆ ಹಾಕಿರಿ. ಮುಂಜಾನೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿರಿ. ಈ ಊರಿನ ಸೆಕೆಗೆ ರಾತ್ರಿಯ ಹೊತ್ತಿಗೆ ಮೊಳಕೆ ಬಂದಿರುತ್ತದೆ. ತೊಳೆದು, ಬೇಯಿಸಿ, ಲಿಂಬೆ ಹಿಂಡಿ ಕೊಡಿರಿ. ಹಸಿಯದು ಕೆಲವೊಮ್ಮೆ ಹೊಟ್ಟೆ ಕೆಡಿಸುತ್ತದೆ. ಹುರಿದ ಶೇಂಗಾ ಒಂದು ಡಬ್ಬಿಯಲ್ಲಿರಲಿ; ಶಾಲೆಗೆ ಬರುವಾಗ ಬೆಲ್ಲದೊಡನೆ ಒಂದು ಹಿಡಿ ತಿಂದು ಬರಲಿ. ರಾತ್ರಿ ಒಂದು ಬಟ್ಟಲು ಮೊಸರು.’ ಒಂದು ವಡಾಪಾವಿನ ಹಣದಲ್ಲಿ ಎರಡು ಮೂರು ದಿನದ ಶೇಂಗಾ ಬರುತ್ತದೆಂದು ಆಕೆಯೇ ಲೆಕ್ಕ ಹಾಕಿ ಹೇಳಿದರು. ವೈದ್ಯರು ಬರೆದುಕೊಟ್ಟ ಮಾತ್ರೆಗಳೂ ನಡೆದವು.

ಕಾಳನ್ನು ನೆನೆಹಾಕುವ, ಬಟ್ಟೆ ಕಟ್ಟುವ ಕೆಲಸವನ್ನು ಈಗ ಆ ಮನೆಯಲ್ಲಿ ಮಾಡುವವನು ಐದನೆಯ ಇಯತ್ತೆಯಲ್ಲಿ ಓದುತ್ತಿರುವ ಆಕೆಯ ತಮ್ಮ. ದೀಪಾವಳಿಯ ರಜೆ ಮುಗಿದು ಶಾಲೆ ತೆರೆದ ಮೇಲೆ ಮೂರನೆಯ ತಾಸಿನಲ್ಲಿ ಆಕೆ ತೂಕಡಿಸಿದುದನ್ನು ನಾನು ಕಂಡಿಲ್ಲ. ಗದರಿಸಿದುದಕ್ಕೆ ಆಕೆಯಲ್ಲಿ ಕ್ಷಮೆ ಕೇಳಿದ್ದೇನೆ. ತರಗತಿಯಲ್ಲಿ ಯಾರಾದರೂ ತೂಕಡಿಸಿದರೆ ಇಂದು ನಾನು ಮೊದಲು ಕೇಳುವ ಪ್ರಶ್ನೆ ಬೇರೆ: ‘ಬೆಳಿಗ್ಗೆ ಏನು ತಿಂದೆ?’

ಅಭ್ಯಾಸ

೧. ನಿನ್ನೆ ಬೆಳಗಿನಿಂದ ರಾತ್ರಿಯವರೆಗೆ ನೀವು ತಿಂದುದನ್ನೆಲ್ಲ ಬರೆಯಿರಿ. ಮೇಲಿನ ಅಂಕಿಗಳ ಸಹಾಯದಿಂದ ಅದರಲ್ಲಿ ಎಷ್ಟು ಸಸಾರಜನಕವಿತ್ತೆಂದು ಲೆಕ್ಕ ಹಾಕಿರಿ. ನಿಮ್ಮ ವಯಸ್ಸಿಗೆ ಅದು ಸಾಕೇ?
೨. ‘ಕ’ ೧೨, ‘ಮ’ ೧೨, ‘ಲ’ ೪ ಇರುವ ಚೀಲವೊಂದು. ‘ಕ’ ೬, ‘ಮ’ ೨, ‘ಲ’ ೮ ಇರುವ ಚೀಲವೊಂದು. ಬೇರೆ ಬೇರೆಯಾಗಿ ಎಷ್ಟು ಕಮಲ? ಕೂಡಿಸಿದರೆ ಎಷ್ಟು?
೩. ನಿಮ್ಮ ಮನೆಯಲ್ಲಿ ಊಟದೊಡನೆ ಚಹಾ ಕುಡಿಯುವವರು ಯಾರು? ಅವರಿಗೆ ಏನು ಹೇಳುವಿರಿ?
೪. ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಉಣ್ಣುವವರು ಯಾರು? ಇಂದು ರಾತ್ರಿ ಅವರ ತಟ್ಟೆಯನ್ನು ನೋಡಿ ಬನ್ನಿರಿ.